ಏಪ್ರಿಲ್, ಮೇ ತಿಂಗಳಿಗೂ ಸಂಬಳ ಕೊಡಿ

ಮಾನ್ಯ ಸಂಪಾದಕರಿಗೆ,

ಪ್ಲಸ್ ಟು ಮುಗಿಸಿದ ಮಕ್ಕಳಿಗಾಗಿ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಉದ್ಯೋಗದ ಪುಟವನ್ನು ನಮ್ಮ ಮನೆ ಜಗಲಿಯಲ್ಲಿ ಮೂರು ಜನ ಓದಿದೆವು. ನಾನು, ಅಪ್ಪ, ಪಕ್ಕದ ಮನೆಯ ಹುಡುಗಿ. ಅವಳು ವಾಲಿಬಾಲ್ ಆಡುತ್ತಾಳೆ. ಪುಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಕ್ಕಾ, ನಿಮ್ಮ ಕೆಲಸ ಇದರಲ್ಲಿ ಇಲ್ಲವಲ್ಲ" ಎಂದಳು. ನಿಜ, ಇರಲಿಲ್ಲ. ಕ್ರೀಡೆ ಎಂಬ ತಲೆಬರಹದ ಕೆಳಗೆ ಆಟಗಾರ, ದೈಹಿಕ ಶಿಕ್ಷಕ, ಅಂಪೈರ್ ಎಂದು ಮೂರೇ ಇದ್ದವು. ನಾಲ್ಕನೆಯದರ ಬಗ್ಗೆ ನಾನು ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗುತ್ತದೆ. ಜಾಗ ಮಾಡಿ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ನಾನು ಕಾಲೇಜು ಬಾಸ್ಕೆಟ್‌ಬಾಲ್ ತಂಡದ ಸ್ಟ್ರೆಂತ್ ಆಂಡ್ ಕಂಡೀಷನಿಂಗ್ ಕೋಚ್. ಗಡಿ ದಾಟಿ ಕರ್ನಾಟಕಕ್ಕೆ ಹೋಗಿ ಒಂದು ಕಾಲೇಜಿನ ಹುಡುಗಿಯರ ತಂಡದ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದೆ. ಈಗ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆಯಲ್ಲೇ ಇದ್ದೇನೆ. ಅಪ್ಪ ಇವತ್ತಿಗೂ ನೆಂಟರ ಹತ್ತಿರ "ಮಗಳು ಆಟದ ಟೀಚರ್" ಎನ್ನುತ್ತಾರೆ. ನನ್ನ ಕೆಲಸಕ್ಕೆ ಅವರ ಬಾಯಲ್ಲಿ ಹೆಸರಿಲ್ಲ. ಅದು ಅವರ ತಪ್ಪಲ್ಲ. ನಮ್ಮ ಕಡೆ ಆ ಕೆಲಸ ಮಾಡುವವರನ್ನು ಯಾರೂ ನೋಡಿಯೇ ಇಲ್ಲ.

ಚೆಂಡನ್ನು ಹೇಗೆ ಹಿಡಿಯಬೇಕು, ಯಾರಿಗೆ ಕೊಡಬೇಕು, ಯಾವಾಗ ಬುಟ್ಟಿಗೆ ಹಾಕಬೇಕು ಎಂದು ಕಲಿಸುವುದು ಕೋಚ್ ಕೆಲಸ. ಹಾಗೆ ಹಾಕಲು ಜಿಗಿದವಳು ಪೆಟ್ಟಾಗದೆ ನೆಲಕ್ಕೆ ಬರಬೇಕು. ಪಂದ್ಯದ ಕೊನೆಯ ಭಾಗವಾದ ನಾಲ್ಕನೇ ಕ್ವಾರ್ಟರಿನಲ್ಲೂ ಮೊದಲನೆಯದರಷ್ಟೇ ಎತ್ತರ ಜಿಗಿಯಬೇಕು. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕೋರ್ಟ್ ಬರೀ 28 ಮೀಟರ್ ಉದ್ದ, 15 ಮೀಟರ್ ಅಗಲ. ಹಾಗಾಗಿ ಇಲ್ಲಿ ದೂರ ಓಡುವುದಕ್ಕಿಂತ ನಿಲ್ಲುವುದು, ತಿರುಗುವುದು, ಹಾರುವುದು, ಇಳಿಯುವುದೇ ಜಾಸ್ತಿ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ಪಂದ್ಯಗಳನ್ನು ಚಿತ್ರೀಕರಿಸಿ ಕೂತು ಎಣಿಸಿದವರಿದ್ದಾರೆ. ಒಬ್ಬ ಆಟಗಾರ ಒಂದು ಪಂದ್ಯದಲ್ಲಿ ಸುಮಾರು ಸಾವಿರ ಸಲ ಚಲನೆ ಬದಲಿಸುತ್ತಾನೆ. ಅಂದರೆ ಹೆಚ್ಚು ಕಡಿಮೆ ಎರಡು ಸೆಕೆಂಡಿಗೊಂದು ಸಲ. ಅದರಲ್ಲಿ ಎಷ್ಟೋ ಸಲ ಮೊಣಕಾಲು ಬ್ರೇಕ್ ಹಾಕಬೇಕು. ಅಷ್ಟಕ್ಕೆ ಅದನ್ನು ತಯಾರು ಮಾಡಿದವರು ಯಾರು ಎಂದು ಗ್ಯಾಲರಿಯಲ್ಲಿ ಕೂತವರು ಕೇಳುವುದಿಲ್ಲ.

ನನ್ನ ಮೊಣಕಾಲನ್ನು ಯಾರೂ ತಯಾರು ಮಾಡಿರಲಿಲ್ಲ. 2006ರ ಜನವರಿ, ನಾನು ಡಿಗ್ರಿ ಎರಡನೇ ವರ್ಷ. ಅಂತರ ಕಾಲೇಜು ಪಂದ್ಯ, ಸಿಮೆಂಟಿನ ಕೋರ್ಟ್. ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯಲು, ಅಂದರೆ ರೀಬೌಂಡಿಗೆ, ಜಿಗಿದು ಬಲಗಾಲ ಮೇಲೆ ಇಳಿದೆ. ಯಾರೂ ತಾಗಲಿಲ್ಲ, ಯಾರೂ ದೂಡಲಿಲ್ಲ. ಮಂಡಿ ಒಳಗಡೆ ವಾಲಿತು. ಒಣ ಕಡ್ಡಿ ಮುರಿದ ಹಾಗೆ ಒಂದು ಸದ್ದು ಕೇಳಿಸಿತು. ನೋವಿಗಿಂತ ಮೊದಲು ಸದ್ದು. ಪಕ್ಕದಲ್ಲಿದ್ದ ಹುಡುಗಿಗೂ ಕೇಳಿಸಿತ್ತು. ಅವಳು ಚೆಂಡು ಬಿಟ್ಟು ನನ್ನ ಮುಖವನ್ನೇ ನೋಡಿದಳು. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಅಸ್ಥಿಬಂಧ ಹರಿದಿತ್ತು. ಐಸ್ ಇಟ್ಟರು, ಎಣ್ಣೆ ತಿಕ್ಕಿದರು, "ಉಳುಕು, ವಾರದಲ್ಲಿ ಸರಿಯಾಗುತ್ತದೆ" ಎಂದರು. ಅದು ಉಳುಕಲ್ಲ ಎಂದು ಗೊತ್ತಾಗಲು ನಾಲ್ಕು ತಿಂಗಳು ಹಿಡಿಯಿತು. ಆಪರೇಷನ್ನಿಗೆ ಅಪ್ಪ ಆ ವರ್ಷದ ಅಡಿಕೆಯನ್ನು ರೇಟು ಏರುವ ಮೊದಲೇ ಮಾರಿದರು. ತೊಡೆಯ ಹಿಂದಿನ ಸ್ನಾಯುರಜ್ಜು ತೆಗೆದು ಮಂಡಿಯೊಳಗೆ ಕೂರಿಸಿದರು. ಮತ್ತೆ ನಾನು ಕಾಲೇಜಿಗಾಗಿ ಆಡಲಿಲ್ಲ.

ಎಸಿಎಲ್ ಹರಿಯುವುದರಲ್ಲಿ ಹೆಚ್ಚಿನವು ಹೀಗೆ ಯಾರೂ ತಾಗದೆಯೇ ಆಗುವಂಥವು. ಇಳಿಯುವಾಗ, ತಟ್ಟನೆ ತಿರುಗುವಾಗ. ಬಾಸ್ಕೆಟ್‌ಬಾಲಿನಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಕನಿಷ್ಠ ಎರಡು ಪಟ್ಟು ಹೆಚ್ಚು. ತೊಡೆ, ಪೃಷ್ಠದ ಸ್ನಾಯು ಗಟ್ಟಿಯಿದ್ದು, ಇಳಿಯುವ ರೀತಿ ಸರಿಯಿದ್ದರೆ ಈ ಅಪಾಯ ಎಷ್ಟೋ ಕಡಿಮೆಯಾಗುತ್ತದೆ ಎಂಬುದು ಇವತ್ತು ತಜ್ಞರು ಒಪ್ಪುವ ಮಾತು. ಇಷ್ಟು ಸರಳ ವಿಷಯ ನನಗೆ ಗೊತ್ತಾದದ್ದು ಆಪರೇಷನ್ ಆದ ಮೇಲೆ, ಫಿಸಿಯೋಥೆರಪಿ ಮಾಡಿಸುತ್ತಿದ್ದ ಮೇಡಂ ಹೇಳಿದಾಗ. "ಇದನ್ನೆಲ್ಲ ಮೊದಲೇ ಯಾರೂ ಮಾಡಿಸಿರಲಿಲ್ವಾ?" ಎಂದು ಅವರು ಕೇಳಿದರು. ಆ ಪ್ರಶ್ನೆಯೇ ನನ್ನನ್ನು ಈ ಕೆಲಸಕ್ಕೆ ತಂದದ್ದು.

ಈ ಕೆಲಸ ಶುರುವಾದ ಕತೆ ಓದಿದಾಗ ನನಗೆ ಕಣ್ಣು ತುಂಬಿತ್ತು. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಬಾಯ್ಡ್ ಎಪ್ಲಿ ಎಂಬ ಪೋಲ್‌ವಾಲ್ಟ್ (ಕೋಲು ಊರಿ ಹಾರುವ) ಆಟಗಾರ ಇದ್ದರು. ಬೆನ್ನಿಗೆ ಪೆಟ್ಟಾಗಿ ಆಟ ನಿಂತಿತು. ವಾಸಿಯಾಗಲು ಒಂದು ಸಣ್ಣ ಕೋಣೆಯಲ್ಲಿ ಭಾರ ಎತ್ತುತ್ತಿದ್ದರು. ಪೆಟ್ಟಾದ ಅಮೆರಿಕನ್ ಫುಟ್‌ಬಾಲ್ ಹುಡುಗರು ಅವರನ್ನು ನೋಡಿ ತಾವೂ ಎತ್ತಲು ಶುರು ಮಾಡಿದರು. ಮೈದಾನಕ್ಕೆ ಮರಳುವಾಗ ಆ ಹುಡುಗರು ಮೊದಲಿಗಿಂತ ಗಟ್ಟಿಯಾಗಿದ್ದರು. 1969ರಲ್ಲಿ ವಿಶ್ವವಿದ್ಯಾಲಯ ಎಪ್ಲಿಯವರನ್ನೇ ಗಂಟೆಗೆ 2 ಡಾಲರ್ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡಿತು. ಭಾರ ಎತ್ತಿದರೆ ಆಟಗಾರ ನಿಧಾನವಾಗುತ್ತಾನೆ ಎಂದು ಆಗ ಎಲ್ಲರೂ ನಂಬಿದ್ದ ಕಾಲ. ಯಾರಾದರೂ ನಿಧಾನವಾದರೆ ನಿನ್ನ ಕೆಲಸ ಹೋಯಿತು ಎಂದು ಮುಖ್ಯ ಕೋಚ್ ಮೊದಲೇ ಎಚ್ಚರಿಸಿದ್ದರಂತೆ. ಕೆಲಸ ಹೋಗಲಿಲ್ಲ. 1978ರಲ್ಲಿ ಅವರು ಇಂಥ ಕೋಚ್‌ಗಳ ರಾಷ್ಟ್ರೀಯ ಸಂಘ ಕಟ್ಟಿದರು. ಅದೇ ಎನ್‌ಎಸ್‌ಸಿಎ. ಆ ಸಂಘದ ಸಿಎಸ್‌ಸಿಎಸ್ ಪರೀಕ್ಷೆ ಪಾಸಾದವರಿಗೆ ಇವತ್ತು ಎಷ್ಟೋ ದೇಶಗಳಲ್ಲಿ ಬೆಲೆ ಇದೆ. ಪೆಟ್ಟು ತಿಂದವರೇ ಈ ದಾರಿ ಹಾಕಿಕೊಟ್ಟರು ಎನ್ನುವುದು ನನಗೆ ದೊಡ್ಡ ಧೈರ್ಯ.

ನಾನೂ ಆ ಪರೀಕ್ಷೆ ಬರೆದೆ. ದೈಹಿಕ ಶಿಕ್ಷಣದ ಬಿ.ಪಿ.ಎಡ್., ಎಂ.ಪಿ.ಎಡ್. ಆದ ಮೇಲೆ, 2016ರಲ್ಲಿ. ಪ್ಲಸ್ ಟುವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಪುಸ್ತಕ ದಪ್ಪ ಇಂಗ್ಲಿಷ್. ಒಂದು 200 ಪುಟದ ನೋಟ್‌ಬುಕ್ಕಿನಲ್ಲಿ ಎಡಗಡೆ ಇಂಗ್ಲಿಷ್ ಮಾತು, ಬಲಗಡೆ ನನಗೆ ಅರ್ಥವಾದ ಹಾಗೆ ಕನ್ನಡ ಬರೆಯುತ್ತಾ ಓದಿದೆ. ಒಂದು ಭಾಗ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ವಿಜ್ಞಾನ, ಇನ್ನೊಂದು ಭಾಗ ಮಾಡಿಸುವ ಕ್ರಮ. ಮೊದಲ ಸಲ ವಿಜ್ಞಾನದಲ್ಲಿ ಫೇಲಾದೆ. ಎರಡನೇ ಸಲ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರೆದು ಪಾಸಾದೆ. ಒಮ್ಮೆ ಪಾಸಾದರೆ ಮುಗಿಯುವುದಿಲ್ಲ. ಮೂರು ವರ್ಷಕ್ಕೊಮ್ಮೆ ಹೊಸದಾಗಿ ಕಲಿತದ್ದನ್ನು ತೋರಿಸಬೇಕು. ಹೃದಯ ನಿಂತವರಿಗೆ ಎದೆ ಒತ್ತಿ ಜೀವ ಉಳಿಸುವ ಸಿಪಿಆರ್ ತರಬೇತಿಯ ಸರ್ಟಿಫಿಕೇಟೂ ಬೇಕು. ಕನ್ನಡ ಮಾಧ್ಯಮದ ಮಕ್ಕಳೇ, ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಬೇಕಾದವರಿಗೆ ಕೊಡುತ್ತೇನೆ.

ಈಗ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಮ್ಮ ಕಡೆ ಈ ಕೆಲಸ ಕೊಡುವ ಕಾಲೇಜುಗಳೇ ಬೆರಳೆಣಿಕೆ. ಕೊಟ್ಟರೂ ಜೂನ್‌ನಿಂದ ಮಾರ್ಚ್‌ವರೆಗೆ 10 ತಿಂಗಳ ಕರಾರು. ನನ್ನದೂ ಹಾಗೇ ಇತ್ತು. ಮೊದಲ ವರ್ಷ ತಿಂಗಳಿಗೆ 9,500 ರೂಪಾಯಿ, ಒಂಬತ್ತನೇ ವರ್ಷ 21,000. ಮೊತ್ತದ ಬಗ್ಗೆ ನಾನು ಇಲ್ಲಿ ದೂರುತ್ತಿಲ್ಲ. ಬಿಟ್ಟುಹೋದ ಆ ಎರಡು ತಿಂಗಳು ಇದ್ದಾವಲ್ಲ, ಏಪ್ರಿಲ್ ಮತ್ತು ಮೇ, ದೂರು ಅದರ ಬಗ್ಗೆ. ಪಾಠ ಇಲ್ಲ, ಪಂದ್ಯ ಇಲ್ಲ, ಹಾಗಾಗಿ ಕೆಲಸವೂ ಇಲ್ಲ ಎಂದು ಆಫೀಸಿನ ಲೆಕ್ಕ. ಆದರೆ ಸ್ಟ್ರೆಂತ್ ಕೋಚಿಗೆ ನಿಜವಾದ ಕೆಲಸ ಇರುವುದೇ ಆಗ!

ಪಂದ್ಯಗಳು ನಡೆಯುವಾಗ ಹುಡುಗಿಯರ ಮೇಲೆ ಜಾಸ್ತಿ ಭಾರ ಹೊರಿಸುವ ಹಾಗಿಲ್ಲ. ದಣಿದಿರುತ್ತಾರೆ. ವಾರಕ್ಕೆ ಒಂದೋ ಎರಡೋ ಸಲ, ಅರ್ಧ ಗಂಟೆ, ಇರುವ ಬಲ ಇಳಿಯದಂತೆ ನೋಡಿಕೊಳ್ಳಬಹುದು ಅಷ್ಟೆ. ಹೊಸ ಬಲ ಕಟ್ಟಲು ಪಂದ್ಯ ಇಲ್ಲದ ದಿನಗಳು ಬೇಕು. ಆರು ವಾರ, ಎಂಟು ವಾರ, ಒಂದೇ ಸಮನೆ. ಸ್ನಾಯುರಜ್ಜು, ಅಸ್ಥಿಬಂಧಗಳು ಸ್ನಾಯುವಿಗಿಂತ ನಿಧಾನವಾಗಿ ಗಟ್ಟಿಯಾಗುತ್ತವೆ, ಅವಕ್ಕೆ ಅವಸರ ಆಗದು. ರಜೆಯಲ್ಲಿ ಎರಡು ತಿಂಗಳು ಸುಮ್ನೆ ಕೂತು ಜೂನ್‌ನಲ್ಲಿ ಬಂದ ಹುಡುಗಿಯನ್ನು ಎರಡನೇ ವಾರವೇ ಸೆಲೆಕ್ಷನ್ ಪಂದ್ಯಕ್ಕೆ ಇಳಿಸಿದರೆ ಏನಾಗುತ್ತದೆ?

ಅಪ್ಪನಿಗೆ ಇದನ್ನು ಅರ್ಥ ಮಾಡಿಸಲು ನನಗೆ ಒಂದೇ ಮಾತು ಸಾಕಾಯಿತು. ಅಡಿಕೆಗೆ ಮಳೆ ಹಿಡಿಯುವ ಮೊದಲು ಮದ್ದು ಬಿಡುತ್ತೇವೆ. ಕೊಳೆರೋಗ ಬಂದು ಕಾಯಿ ಉದುರಲು ಶುರುವಾದ ಮೇಲೆ ಬೋರ್ಡೋ ಮದ್ದು ಕಲಸಿ ಏನು ಪ್ರಯೋಜನ? ಅಪ್ಪ ಕೂಡಲೇ, "ಹಾಗಾದರೆ ಮದ್ದು ಬಿಡುವ ತಿಂಗಳಿಗೆ ನಿನಗೆ ಸಂಬಳ ಇಲ್ಲ ಅಂತಾಯ್ತು" ಎಂದರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ಒಂಬತ್ತು ವರ್ಷದಲ್ಲಿ ನನ್ನ ತಂಡದ ಇಬ್ಬರ ಎಸಿಎಲ್ ಹರಿದಿದೆ. ಒಬ್ಬಳದು ಜೂನ್ ಕೊನೆಗೆ, ಇನ್ನೊಬ್ಬಳದು ಜುಲೈಯಲ್ಲಿ. ಇಬ್ಬರೂ ರಜೆಯಲ್ಲಿ ಏನೂ ಮಾಡದೆ ಬಂದವರು. ಇಬ್ಬರಿಂದ ದೊಡ್ಡ ತೀರ್ಮಾನ ಮಾಡಬಾರದು, ನನಗೆ ಗೊತ್ತು. ಆದರೆ ಎರಡನೆಯವಳು ಬಿದ್ದಾಗ ಆ ಸದ್ದು ಮತ್ತೆ ನನಗೆ ಕೇಳಿಸಿತು. ಅವಳ ಅಮ್ಮ ಆಸ್ಪತ್ರೆಯ ವರಾಂಡದಲ್ಲಿ ನನ್ನ ಕೈ ಹಿಡಿದು, "ಟೀಚರೇ, ನೀವು ಇದ್ದೂ ಹೀಗಾಯ್ತಲ್ಲ" ಎಂದರು. ಏಪ್ರಿಲ್, ಮೇಯಲ್ಲಿ ನಾನು ಇರಲಿಲ್ಲಮ್ಮ ಎಂದು ಅವರಿಗೆ ಹೇಗೆ ಹೇಳಲಿ? ಮತ್ತೆ ಆಟಕ್ಕೆ ಇಳಿಯಲು ಕನಿಷ್ಠ ಒಂಬತ್ತು ತಿಂಗಳು ಬೇಕು. ಮೂರು ವರ್ಷದ ಡಿಗ್ರಿಯಲ್ಲಿ ಒಂದು ವರ್ಷ ಹಾಗೇ ಹೋಯಿತು.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಗಡಿ ಮುಚ್ಚಿತು. ನಾನು ಈಚೆ, ತಂಡ ಆಚೆ. ಆ ಬೇಸಿಗೆ ಎಲ್ಲರೂ ಮನೆಯಲ್ಲೇ. ಹಾಗಾಗಿ ಸಂಬಳ ಇಲ್ಲದಿದ್ದರೂ ಬೆಳಗ್ಗೆ 7 ಗಂಟೆಗೆ 14 ಹುಡುಗಿಯರನ್ನು ಫೋನಿನಲ್ಲಿ ಸೇರಿಸಿದೆ. ಯಾರ ಮನೆಯಲ್ಲೂ ಡಂಬೆಲ್ ಇಲ್ಲ. ಗೋಣಿಗೆ ಹೊಯಿಗೆ ತುಂಬಿಸಿದರು. ತುಂಬಿದ ಕೊಡಪಾನ ಎತ್ತಿದರು. ಒಬ್ಬಳು ತಮ್ಮನನ್ನೇ ಬೆನ್ನ ಮೇಲೆ ಕೂರಿಸಿ ಬಸ್ಕಿ ಹೊಡೆದಳು. ಅಲ್ಲಿಂದ ನಮ್ಮ ಮನೆಯ ಅಡಿಕೆ ಅಂಗಳವೇ ನನ್ನ ಜಿಮ್ ಆಯಿತು. ಪೈಂಟ್ ಡಬ್ಬಿಗೆ ಕಾಂಕ್ರೀಟ್ ತುಂಬಿಸಿ ಜಿಐ ಪೈಪಿಗೆ ಸೇರಿಸಿದ ಬಾರ್ ಇದೆ. ಎಳೆಯಲು ಹಳೇ ಸೈಕಲ್ ಟ್ಯೂಬ್. ಎಷ್ಟು ಜಿಗಿದರು ಎಂದು ಅಳೆಯಲು ಕೊಟ್ಟಿಗೆಯ ಗೋಡೆ, ಬೆರಳಿಗೆ ಸೀಮೆಸುಣ್ಣ. ಕಳೆದ ವರ್ಷ ಒಬ್ಬಳ ಗುರುತು ಎಂಟು ವಾರದಲ್ಲಿ 31 ಸೆಂಟಿಮೀಟರಿನಿಂದ 36ಕ್ಕೆ ಏರಿತು. ಆ ಎರಡು ಬಿಳಿ ಗೆರೆಗಳನ್ನು ಅಪ್ಪ ಇನ್ನೂ ಒರೆಸಲು ಬಿಟ್ಟಿಲ್ಲ.

ಇಳಿಯುವುದನ್ನು ಕಲಿಸುವುದು ಹೇಗೆ ಎಂದು ಹೇಳುತ್ತೇನೆ, ಯಾಕೆಂದರೆ ಅದೇ ಈ ಕೆಲಸದ ಜೀವ. ಒಂದು ಅಡಿ ಎತ್ತರದ ಮೆಟ್ಟಿಲಿನಿಂದ ಹಾರಿಸುತ್ತೇನೆ. ಮೊದಲು ಎದುರು ನಿಂತು ಮಂಡಿ ನೋಡುತ್ತೇನೆ. ಅದು ಪಾದದ ನೇರಕ್ಕೇ ಬಾಗಬೇಕು, ಒಳಗೆ ಸೇರಬಾರದು. ಪೃಷ್ಠ ಹಿಂದೆ ಹೋಗಬೇಕು, ಕುರ್ಚಿಯಲ್ಲಿ ಕೂರಲು ಹೊರಟ ಹಾಗೆ. ಆಮೇಲೆ ಬೆನ್ನು ತಿರುಗಿಸಿ ನಿಂತು ಕಣ್ಣು ಮುಚ್ಚಿಕೊಳ್ಳುತ್ತೇನೆ. ಈಗ ಕಿವಿಯ ಕೆಲಸ. ಧಪ್ ಎಂದು ಕೇಳಿಸಿದರೆ ಭಾರವೆಲ್ಲ ಮೂಳೆ, ಕೀಲಿನ ಮೇಲೆ ಬಿದ್ದಿದೆ ಎಂದರ್ಥ. ಕಾಲಿನ ಸ್ನಾಯು ಭಾರವನ್ನು ಹಿಡಿದುಕೊಂಡಿದ್ದರೆ ಸದ್ದೇ ಬರುವುದಿಲ್ಲ. ಇದು ಪುಸ್ತಕದಲ್ಲೂ ಇದೆ. ಆದರೆ ನಾನು ಇದನ್ನು ಮೊದಲು ಕೇಳಿದ್ದು ನನ್ನ ದೊಡ್ಡಪ್ಪನ ಬಾಯಿಂದ. ಅವರು ತೆಂಕುತಿಟ್ಟು ಯಕ್ಷಗಾನದ ಹವ್ಯಾಸಿ ವೇಷಧಾರಿ. ಮಕ್ಕಳಿಗೆ ಧೀಂಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಕಲಿಸುವಾಗ, "ಕಾಲು ಕೆಳಗೆ ಬರುವಾಗ ಗೆಜ್ಜೆ ಕೇಳಬೇಕು, ಹಲಗೆ ಕೇಳಬಾರದು" ಎನ್ನುತ್ತಿದ್ದರು. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ಇದು. ಹಾರಿ ಇಳಿಯುವ ವಿದ್ಯೆ ನಮ್ಮ ಮಣ್ಣಿನಲ್ಲೇ ಇದೆ. ಅದನ್ನು ನಮ್ಮ ಹುಡುಗಿಯರ ಮಂಡಿ ಕಾಯಲು ಯಾಕೆ ಬಳಸಬಾರದು?

ಅಂಗಳಕ್ಕೆ ಬರುವವರಲ್ಲಿ ಕನ್ನಡದವರು, ತುಳುವರು, ಮಲಯಾಳದವರು, ಬ್ಯಾರಿ ಮನೆಯವರು ಎಲ್ಲ ಇದ್ದಾರೆ. ಒಬ್ಬಳಿಗೆ "ಮೊಣಕಾಲು ಮಡಚು" ಎಂದರೆ ಇನ್ನೊಬ್ಬಳಿಗೆ ಮಲಯಾಳದಲ್ಲಿ "ಮುಟ್ಟ್ ಮಡಕ್ಕ್" ಎನ್ನಬೇಕು. ಈ ಕೆಲಸಕ್ಕೆ ನಮ್ಮ ಜಿಲ್ಲೆಯ ಮಕ್ಕಳು ಹೇಳಿ ಮಾಡಿಸಿದಂತಿದ್ದಾರೆ ಎಂದು ನಾನು ನಂಬಲು ಇದೂ ಒಂದು ಕಾರಣ. ಮಂಗಳೂರಿಗೆ ಹೋದರೂ, ಕಣ್ಣೂರಿಗೆ ಹೋದರೂ ಆಟಗಾರರ ಮನೆಮಾತಿನಲ್ಲೇ ಹೇಳಿಕೊಡಬಲ್ಲವರು ನಾವು.

ಅಮ್ಮಂದಿರು ನನ್ನ ಹತ್ತಿರ ಕೇಳುವುದು ಒಂದೇ. ಹುಡುಗಿ ಭಾರ ಎತ್ತಿದರೆ ಮುಂದೆ ಹೆರಿಗೆಗೆ ತೊಂದರೆ ಆಗುವುದಿಲ್ವಾ? ಇಲ್ಲ. ಕ್ರಮವಾಗಿ, ಸ್ವಲ್ಪ ಸ್ವಲ್ಪವೇ ಏರಿಸಿದರೆ ಮೂಳೆ, ಸ್ನಾಯು ಎರಡೂ ಗಟ್ಟಿಯಾಗುತ್ತವೆ. ಹುಲ್ಲಿನ ಹೊರೆ, ಗೊಬ್ಬರದ ಬುಟ್ಟಿ ಹೊತ್ತೇ ನಮ್ಮನ್ನು ಸಾಕಿದವರಲ್ವಾ ನೀವು? ನನಗೆ ಇದಕ್ಕಿಂತ ದೊಡ್ಡ ಚಿಂತೆ ಬೆಳಗ್ಗಿನ ತಿಂಡಿಯದು. 7 ಗಂಟೆಯ ಬಸ್ಸಿಗೆಂದು ಖಾಲಿ ಹೊಟ್ಟೆಯಲ್ಲಿ ಓಡುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಅಂಥ ಹುಡುಗಿ ನಾಲ್ಕನೇ ಕ್ವಾರ್ಟರಿಗೆ ಏದುಸಿರು ಬಿಟ್ಟರೆ ಅದು ಸೋಮಾರಿತನ ಅಲ್ಲ. ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟರು ಹೇಳಿದ್ದನ್ನು ಕೊಡಿ. ಹುರುಳಿ, ಬಸಳೆ, ಮೊಟ್ಟೆ, ಮೀನು, ಮನೆಯಲ್ಲಿ ಏನು ನಡೆಯುತ್ತದೋ ಅದನ್ನು ಹೊಟ್ಟೆ ತುಂಬ ಹಾಕಿ.

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ನವೆಂಬರಿನಲ್ಲಿ ಶುರುವಾಗಿ ಏಪ್ರಿಲ್ ಮೊದಲ ದಿನಗಳಲ್ಲಿ ಮುಗಿಯುತ್ತದೆ. ಆದರೆ ಬೇಸಿಗೆ ರಜೆಯಲ್ಲೇ ಎಂಟು ವಾರ ತರಬೇತಿಗೆ ಅಲ್ಲಿನ ನಿಯಮದಲ್ಲಿ ಅವಕಾಶ ಇದೆ. ಆ ವಾರಗಳಲ್ಲಿ ಜಿಮ್ಮಿನ ಕೆಲಸಕ್ಕೆ ದೊಡ್ಡ ಪಾಲು. ಆಂಡ್ರಿಯಾ ಹ್ಯೂಡಿ ಎಂಬವರು ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಹುಡುಗರ ಬಾಸ್ಕೆಟ್‌ಬಾಲ್ ತಂಡದ ಸ್ಟ್ರೆಂತ್ ಕೋಚ್ ಆಗಿದ್ದರು. 2008ರಲ್ಲಿ ಆ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಹೆಂಗಸೊಬ್ಬರು, ಆರೂವರೆ ಅಡಿಯ ಹುಡುಗರಿಗೆ ಭಾರ ಎತ್ತಲು ಕಲಿಸಿದವರು! 1891ರಲ್ಲಿ ಈ ಆಟ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಆಮೇಲೆ ವ್ಯಾಯಾಮ ಶಿಕ್ಷಕರಾಗಿದ್ದದ್ದೂ ಅದೇ ಕ್ಯಾನ್ಸಸ್‌ನಲ್ಲಿ. ಅಲ್ಲಿಯೂ ಈ ಕೆಲಸ ಹೂವಿನ ಹಾಸಿಗೆಯೇನಲ್ಲ. ಬೆಳಕು ಹರಿಯುವ ಮೊದಲೇ ಜಿಮ್ಮಿನಲ್ಲಿರಬೇಕು. ಮುಖ್ಯ ಕೋಚ್ ಬದಲಾದರೆ ಅವರ ಜೊತೆ ಸ್ಟ್ರೆಂತ್ ಕೋಚೂ ಗಂಟುಮೂಟೆ ಕಟ್ಟಬೇಕಾಗುವುದು ಮಾಮೂಲು. ಮಕ್ಕಳು ಇದನ್ನೂ ತಿಳಿದೇ ಈ ದಾರಿಗೆ ಬರಲಿ.

ನಮ್ಮ ಕೇರಳಕ್ಕೆ ಬಾಸ್ಕೆಟ್‌ಬಾಲ್ ಹೊಸತಲ್ಲ. ಚಂಗನಾಶೇರಿಯ ಅಸಂಪ್ಷನ್ ಕಾಲೇಜಿನಲ್ಲಿ ಓದಿದ ಗೀತು ಅನ್ನಾ ಜೋಸ್ ಭಾರತ ತಂಡದ ನಾಯಕಿಯಾದವರು, 2011ರಲ್ಲಿ ಅಮೆರಿಕದ ಹೆಂಗಸರ ವೃತ್ತಿಪರ ಲೀಗ್ ಆದ ಡಬ್ಲ್ಯುಎನ್‌ಬಿಎ ತಂಡಗಳ ಆಯ್ಕೆಗೂ ಹೋಗಿ ಬಂದವರು. ನಮ್ಮ ಕಾಸರಗೋಡಿನಲ್ಲಿ ಕಬಡ್ಡಿ, ವಾಲಿಬಾಲ್, ಫುಟ್‌ಬಾಲ್ ಜಾಸ್ತಿ. ಅದರಿಂದ ವ್ಯತ್ಯಾಸ ಏನೂ ಇಲ್ಲ. ಕಬಡ್ಡಿಯ ಹುಡುಗಿಗೂ ಇರುವುದು ಅದೇ ಮಂಡಿ.

ನಾನು ಕೇಳುವುದು ದೊಡ್ಡದೇನಲ್ಲ. ಒಂದು ಕಾಲೇಜಿಗೆ ಒಬ್ಬ ಸ್ಟ್ರೆಂತ್ ಕೋಚನ್ನು ಇಟ್ಟುಕೊಳ್ಳುವುದು ಕಷ್ಟ, ಒಪ್ಪುತ್ತೇನೆ. ಮೂರು ನಾಲ್ಕು ಕಾಲೇಜು ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದಲ್ಲ. ದೈಹಿಕ ಶಿಕ್ಷಣದ ಮೇಷ್ಟ್ರು ಒಬ್ಬರೇ ಹತ್ತು ಆಟ, ಟೂರ್ನಮೆಂಟಿನ ಓಡಾಟ, ಗ್ರೇಸ್ ಮಾರ್ಕಿನ ಕಾಗದಪತ್ರ ಎಲ್ಲ ನೋಡಬೇಕು. ಅವರ ತಲೆಗೇ ಇದನ್ನೂ ಕಟ್ಟುವುದು ನ್ಯಾಯವಲ್ಲ. ಆದರೆ ಯಾರನ್ನೇ ಇಟ್ಟುಕೊಳ್ಳಿ, ಕರಾರು 12 ತಿಂಗಳದ್ದಾಗಿರಲಿ. 10 ತಿಂಗಳಿಗೇ ದುಡ್ಡು ಇರುವುದು ಎಂದಾದರೆ ಏಪ್ರಿಲ್‌ನಿಂದಲೇ ಶುರು ಮಾಡಿ, ಕೊನೆಗೆ ಫೆಬ್ರವರಿ, ಮಾರ್ಚ್ ಬಿಡಿ. ಸಂಪಾದಕರೇ, ಮುಂದಿನ ವರ್ಷದ ನಿಮ್ಮ ಪುಟದಲ್ಲಿ ಈ ಕೆಲಸದ ಹೆಸರೂ ಒಂದು ಸಾಲು ಇರಲಿ.

ಈ ಏಪ್ರಿಲ್ ಮೊದಲ ಸೋಮವಾರ ಬೆಳಗ್ಗೆ 6 ಗಂಟೆಗೆ ನಮ್ಮ ಅಂಗಳದಲ್ಲಿ ತರಬೇತಿ ಶುರು. ಅಡಿಕೆಯನ್ನು ಒಂದು ಬದಿಗೆ ಗುಡಿಸಿ ಜಾಗ ಮಾಡಿಕೊಡುವುದಾಗಿ ಅಪ್ಪ ಒಪ್ಪಿದ್ದಾರೆ. ಈಗಾಗಲೇ 11 ಹುಡುಗಿಯರು ಹೆಸರು ಕೊಟ್ಟಿದ್ದಾರೆ. ಪಕ್ಕದ ಮನೆಯ ವಾಲಿಬಾಲ್ ಹುಡುಗಿ ಹನ್ನೆರಡನೆಯವಳು. ಶೂ ಇಲ್ಲದಿದ್ದರೂ ಪರವಾಗಿಲ್ಲ, ತಿಂಡಿ ತಿಂದು ಬನ್ನಿ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು, ಸ್ಟ್ರೆಂತ್ ಕೋಚ್
ಬದಿಯಡ್ಕದ ಬಳಿ, ಕಾಸರಗೋಡು ಜಿಲ್ಲೆ